ಮೆಕ್ಕೆಜೋಳದ ಹೊಲದ ಬದಿಗೊಂದು ಫೋನು

ನಾವು ಹೊರಟಿದ್ದು ಒಂದು ಊಟದ ಟೇಬಲ್ ಮಾಡಿಸೋಕೆ. ಅದಕ್ಕಿಂತ ದೊಡ್ಡ ಉದ್ದೇಶ ಏನೂ ಇರಲಿಲ್ಲ.

ಫಿಲಡೆಲ್ಫಿಯಾ ಪಕ್ಕದ ಊರಿಗೆ ಬಂದು ನಮಗೆ 11 ವರ್ಷ ಆಯಿತು. ಅಷ್ಟೂ ವರ್ಷ ಊಟ ಮಾಡಿದ್ದು, ಪೆಟ್ಟಿಗೆಯಲ್ಲಿ ಬಿಡಿ ಬಿಡಿಯಾಗಿ ಬಂದು ನಾವೇ ಸ್ಕ್ರೂ ತಿರುಗಿಸಿ ನಿಲ್ಲಿಸಿದ ಒಂದು ಟೇಬಲ್ ಮೇಲೆ. ಅದರ ಒಂದು ಕಾಲು ಮೊದಲ ದಿನದಿಂದಲೇ ಅಲ್ಲಾಡುತ್ತಿತ್ತು. ಕೆಳಗೆ ರಟ್ಟು ಮಡಚಿ ಇಟ್ಟು ಇಟ್ಟು ಸಾಕಾಗಿ, ಹೋದ ವರ್ಷ ಯುಗಾದಿ ದಿನ ಪಾಯಸದ ಬಟ್ಟಲು ಮಗಳ ಲಂಗದ ಮೇಲೆ ಚೆಲ್ಲಿದ ಮೇಲೆ, ಇನ್ನು ಇದರ ಸಹವಾಸ ಬೇಡ ಅಂತ ತೀರ್ಮಾನ ಮಾಡಿದೆವು. ಪರಿಚಯದ ಕನ್ನಡದವರೊಬ್ಬರು, "ಲ್ಯಾಂಕಸ್ಟರ್ ಕಡೆ ಆಮಿಶ್ ಬಡಗಿಗಳಿದ್ದಾರೆ, ಅವರ ಹತ್ತಿರ ಮಾಡಿಸಿ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದರು. ಜೊತೆಗೆ ಒಂದು ಫೋನ್ ನಂಬರ್ ಕೊಟ್ಟರು.

ನನಗೆ ಆಶ್ಚರ್ಯ ಆಗಿದ್ದು ಅಲ್ಲೇ. ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ಕರೆಂಟ್ ಹಾಕಿಸಿಕೊಳ್ಳದ, ಟಿವಿ ಇಲ್ಲದ ಒಂದು ಕ್ರೈಸ್ತ ಪಂಗಡದ ಜನ ಅಂತ ಕೇಳಿದ್ದೆ. ಅವರಿಗೆ ಫೋನ್ ನಂಬರ್ ಎಲ್ಲಿಂದ ಬಂತು?

ಮಾಡಿ ನೋಡಿದೆ. ಯಾರೂ ಎತ್ತಲಿಲ್ಲ. ಮಷಿನ್ ಮಾತಾಡಿತು. ಗಂಡಸಿನ ದನಿ, ನಿಧಾನ, ಯಾವ ಅವಸರವೂ ಇಲ್ಲ. ಹೆಸರು, ನಂಬರ್, ಏನು ಬೇಕು ಅಂತ ಹೇಳಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳಿಸಿಕೊಳ್ಳುತ್ತೇನೆ ಅಂತ. ಹೇಳಿದೆ. ಎರಡು ದಿನ ಬಿಟ್ಟು ಅವರು ವಾಪಸ್ ಮಾಡಿದಾಗ ನಾನು ಆಫೀಸ್ ಮೀಟಿಂಗಲ್ಲಿದ್ದೆ. ನಾನು ಮತ್ತೆ ಮಾಡಿದಾಗ ಮಷಿನ್. ಹೀಗೆ ಮಷಿನ್‌ಗೆ ನಾನು, ನನ್ನ ವಾಯ್ಸ್‌ಮೇಲ್‌ಗೆ ಅವರು, ವಾರವಿಡೀ ನಡೆಯಿತು. ಹಿಂದೆ ಕಾಗದ ಬರೆದು ಉತ್ತರಕ್ಕೆ ಕಾಯುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಹಾಗೇ. ಕೊನೆಗೊಂದು ಶನಿವಾರ ಬನ್ನಿ ಅಂದರು. ಭಾನುವಾರ ಅಲ್ಲಿ ಎಲ್ಲ ಬಂದ್.

ಲ್ಯಾಂಕಸ್ಟರ್ ನಮ್ಮಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದಾರಿ. ಬರ್ಡ್ ಇನ್ ಹ್ಯಾಂಡ್ ಅನ್ನೋ ಹೆಸರಿನ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಬೂದು ಬಣ್ಣದ ಕುದುರೆಗಾಡಿಗಳು, ಹಿಂದೆ ಕೆಂಪು ದೀಪ ಮಿಣುಕಿಸಿಕೊಂಡು. ಹುಡುಗರು ನಿಂತು ತಳ್ಳುವ ಸ್ಕೂಟರ್ ಮೇಲೆ ಹೋಗುತ್ತಿದ್ದರು. ಮಕ್ಕಳ ಆಟದ್ದಲ್ಲ, ದೊಡ್ಡ ಚಕ್ರದ್ದು, ಮುಂದೆ ಬುಟ್ಟಿ ಇರುವುದು. ಸೈಕಲ್ ಯಾಕಿಲ್ಲ ಅಂತ ಮಗಳು ಕೇಳಿದಳು. ಲ್ಯಾಂಕಸ್ಟರ್‌ನಲ್ಲಿ ಸೈಕಲ್ ಬೇಡ ಅಂತ ಅವರ ನಿಯಮ. ಸೈಕಲ್ ಇದ್ದರೆ ತೀರಾ ದೂರ ಹೋಗಿಬಿಡುತ್ತಾರೆ ಅಂತ. ಅದೇ ಆಮಿಶರು ಒಹಾಯೋದ ಹೋಮ್ಸ್ ಕೌಂಟಿಯಲ್ಲಿ ಸೈಕಲ್ ಇರಲಿ, ಬ್ಯಾಟರಿ ಸೈಕಲ್ಲೇ ಓಡಿಸುತ್ತಾರೆ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಅವತ್ತು ಮಗಳಿಗೆ "ಸುಮ್ನೆ ಕೂತ್ಕೋ" ಅಂದಿದ್ದೆ.

ಬಡಗಿಯ ಮನೆಗೆ ತಿರುಗುವ ಮಣ್ಣು ದಾರಿಯ ಬಾಯಲ್ಲೇ, ಮೆಕ್ಕೆಜೋಳದ ಹೊಲದ ಬದಿಗೆ, ಒಂದು ಪುಟ್ಟ ಮರದ ಗೂಡು ನಿಂತಿತ್ತು. ನಮ್ಮ ಕಡೆ ಹಿಂದೆ ಹಿತ್ತಲಲ್ಲಿ ಕಟ್ಟುತ್ತಿದ್ದ ಪಾಯಿಖಾನೆಯ ಅಳತೆಯದ್ದು. ನಾನು ಅದೇ ಅಂದುಕೊಂಡೆ. ಸಣ್ಣ ಕಿಟಕಿಯಿಂದ ಇಣುಕಿದರೆ ಒಳಗೊಂದು ಗಿಡ್ಡ ಕಟ್ಟೆ, ಅದರ ಮೇಲೆ ಫೋನು, ಪಕ್ಕದಲ್ಲಿ ಉತ್ತರಿಸುವ ಮಷಿನ್, ದಾರ ಕಟ್ಟಿ ನೇತುಹಾಕಿದ ಪೆನ್ಸಿಲ್, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಚೀಟಿಗಳು. ಕುರ್ಚಿ ಇಲ್ಲ. ವಾರದಿಂದ ನಾನು ಮಾತಾಡಿದ್ದೆಲ್ಲ ಬಂದು ಬಿದ್ದಿದ್ದು ಇಲ್ಲಿ, ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಜೋಳದ ಗರಿಗಳ ಸದ್ದಿನ ಮಧ್ಯೆ.

ಮೂರು ನಾಲ್ಕು ಮನೆಯವರು ಸೇರಿ ಇಟ್ಟುಕೊಂಡಿರುವ ಫೋನ್ ಅದು. ಯಾರು ಎಷ್ಟು ಮಾತಾಡಿದರು ಅಂತ ಚೀಟಿಯಲ್ಲಿ ಬರೆಯುತ್ತಾರೆ, ತಿಂಗಳ ಕೊನೆಗೆ ಲೆಕ್ಕ.

ಈ ಗೂಡಿನ ಹಿಂದೆ 100 ವರ್ಷಕ್ಕೂ ಮಿಕ್ಕಿದ ಜಗಳ ಇದೆ. ಮೊದಮೊದಲು ಫೋನ್ ಬಂದಾಗ ಲ್ಯಾಂಕಸ್ಟರ್‌ನ ಕೆಲವು ಆಮಿಶರು ಎಲ್ಲರ ಹಾಗೆ ಮನೆಗೇ ಹಾಕಿಸಿಕೊಂಡಿದ್ದರು. ಆಗಿನದ್ದು ಹಲವು ಮನೆಗಳಿಗೆ ಒಂದೇ ತಂತಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಇಬ್ಬರು ಹೆಂಗಸರು ಮೂರನೆಯವರ ಬಗ್ಗೆ ಆಡಿಕೊಂಡಿದ್ದು, ಅದು ಅವರ ಕಿವಿಗೇ ಬಿದ್ದು, ಚರ್ಚಿನ ಸಭೆಯಲ್ಲಿ ತಪ್ಪೊಪ್ಪಿಕೊಳ್ಳುವವರೆಗೆ ಹೋದದ್ದು, ಹೀಗೊಂದು ಕಥೆಯನ್ನು ಅವರೇ ಹೇಳುತ್ತಾರೆ. (ಕಥೆಯಲ್ಲಿ ಆಡಿಕೊಳ್ಳುವವರು ಹೆಂಗಸರೇ ಯಾಕೆ ಅಂತ ಕೇಳಬೇಕು ಅನಿಸಿತು. ಇರಲಿ.) 1910ರ ಸುಮಾರಿಗೆ ಮನೆಯೊಳಗೆ ಫೋನ್ ಬೇಡ ಅಂತ ಆಯಿತು. ಅದೇ ಹೊತ್ತಿಗೆ ಅಲ್ಲಿನ ಸಮುದಾಯದ ಒಂದು ಭಾಗ ಒಡೆದು ಬೇರೆಯೂ ಆಯಿತು. ಒಡೆಯೋಕೆ ಇದ್ದ ಕಾರಣಗಳಲ್ಲಿ ಫೋನೂ ಒಂದು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ರಾತ್ರಿ ಹೊತ್ತು ಡಾಕ್ಟರ್ ಬೇಕಾದರೆ ಏನು ಮಾಡೋದು? 1930ರ ದಶಕದಲ್ಲಿ ಕೆಲವು ಮನೆಯವರು ಸೇರಿ ಒಂದು ಹಂಚಿಕೆಯ ಫೋನ್ ಆದರೂ ಇರಲಿ ಅಂತ ಕೇಳಿಕೊಂಡರು. ಹಿರಿಯರು ಒಪ್ಪಿದರು. ಫೋನ್ ಇರಲಿ, ಹೊಲದ ತುದಿಯಲ್ಲಿರಲಿ.

ನನಗೆ ಇದರಲ್ಲಿ ಹಿಡಿಸಿದ್ದು ಆ ಇನ್ನೂರು ಹೆಜ್ಜೆ. ಫೋನ್ ಒಳ್ಳೆಯದಾ ಕೆಟ್ಟದ್ದಾ ಅಂತ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಿ ಇಡಬೇಕು ಅಂತ ಯೋಚನೆ ಮಾಡಿದರು. ಮಳೆ ಬರುತ್ತಿದ್ದರೆ, ಚಳಿ ಕೊರೆಯುತ್ತಿದ್ದರೆ, ಸುಮ್ಮನೆ ಹರಟೋಕೆ ಅಲ್ಲಿಯ ತನಕ ಯಾರು ಹೋಗುತ್ತಾರೆ? ಗೂಡಲ್ಲಿ ಕುರ್ಚಿ ಇಲ್ಲದಿರುವುದು ಮರೆತು ಅಲ್ಲ. ಊಟಕ್ಕೆ ಕೂತಾಗ ಅದು ಹೊಡೆದುಕೊಂಡರೆ ಜೋಳಕ್ಕೆ ಕೇಳುತ್ತದೆ, ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮಲ್ಲೂ ಹೀಗೇ ಇತ್ತಲ್ಲ ಅಂತ ಥಟ್ಟನೆ ಹೊಳೆಯಿತು. ಪಿಪಿ ನಂಬರ್ ನೆನಪಿದೆಯಾ? ಫೋನ್ ಇಲ್ಲದವರು ಪಕ್ಕದ ಮನೆಯದ್ದೋ ಅಂಗಡಿಯದ್ದೋ ನಂಬರ್ ಕೊಟ್ಟು ಮುಂದೆ 'ಪಿಪಿ' ಅಂತ ಬರೆಯುತ್ತಿದ್ದೆವು. ಮದುವೆ ಕಾಗದದಲ್ಲೂ ಅದೇ. ನಮ್ಮ ಪಿಪಿ ಗದ್ದೆ ದಾಟಿ ಆಚೆ ಮನೆ. "ಬೆಂಗ್ಳೂರಿಂದ ಫೋನ್ ಬಂದದೆ, ಇನ್ನು ಹತ್ತು ನಿಮಿಷಕ್ಕೆ ಮತ್ತೆ ಮಾಡ್ತಾರಂತೆ" ಅಂತ ಅಲ್ಲಿನ ಹುಡುಗ ಗದ್ದೆ ಅಂಚಿನ ಮೇಲೆ ಓಡಿ ಬರುತ್ತಿದ್ದ, ಅಪ್ಪಯ್ಯ ಅಂಗಿ ಹಾಕಿಕೊಳ್ಳುತ್ತಾ ಓಡುತ್ತಿದ್ದರು. ಆ ಮನೆಯವರಿಗೆ ನಮ್ಮ ಸುದ್ದಿಯೆಲ್ಲ ಗೊತ್ತಿರುತ್ತಿತ್ತು. ಹಾಗಂತ ಎರಡೂ ಒಂದೇ ಅಂದರೆ ಸುಳ್ಳಾಗುತ್ತದೆ. ನಮ್ಮದು ಗತಿಯಿಲ್ಲದೆ ಆಗಿದ್ದು. ಲೈನ್ ಸಿಕ್ಕ ದಿನ ಅಪ್ಪಯ್ಯ ಲಾಡು ಹಂಚಿದರು, ಫೋನ್ ತಂದು ಜಗಲಿಯ ನಟ್ಟ ನಡುವೆ ಇಟ್ಟರು, ಅಮ್ಮ ಅದಕ್ಕೊಂದು ಕಸೂತಿ ಬಟ್ಟೆ ಹೊದೆಸಿದಳು. ಇದು ಬಂದ ಮೇಲೆ ನಮ್ಮ ಮನೆ ಹೇಗಾದೀತು ಅಂತ ಯಾರೂ ಕೂತು ಮಾತಾಡಲಿಲ್ಲ. ಯಾಕೆ ಮಾತಾಡಬೇಕಿತ್ತು ಹೇಳಿ.

ಬಡಗಿಗೆ ನಲವತ್ತರ ಆಸುಪಾಸು. ಗಡ್ಡ ಇದೆ, ಮೀಸೆ ಇಲ್ಲ. ಹುಲ್ಲಿನ ಟೋಪಿ, ಪ್ಯಾಂಟಿಗೆ ಬೆಲ್ಟಿನ ಬದಲು ಹೆಗಲ ಪಟ್ಟಿ. ಮನೆಯವರೊಂದಿಗೆ ಮಾತಾಡಿದ್ದು ಪೆನ್ಸಿಲ್ವೇನಿಯಾ ಡಚ್, ಅಂದರೆ ಹಳೇ ಜರ್ಮನ್‌ನ ಒಂದು ಬಗೆ, ನಮ್ಮೊಂದಿಗೆ ಇಂಗ್ಲಿಷ್. ಆಮಿಶರಲ್ಲದ ಎಲ್ಲರನ್ನೂ ಅವರು 'ಇಂಗ್ಲಿಷ್' ಅನ್ನುತ್ತಾರೆ. ಹಾಗಾಗಿ ತೀರ್ಥಹಳ್ಳಿಯ ನಾನೂ, ಹಾಸನದ ನಮ್ಮೆಜಮಾನರೂ ಅವತ್ತು ಇಂಗ್ಲಿಷರಾದೆವು.

ಅವರ ಕೆಲಸದ ಶೆಡ್ ಒಳಗೆ ಹೋದರೆ ಗರಗಸ, ಮರ ನುಣುಪು ಮಾಡುವ ಮಷಿನ್, ಡ್ರಿಲ್, ಎಲ್ಲ ಓಡುತ್ತಿವೆ. ನಮ್ಮೆಜಮಾನರು ನನ್ನ ಕಡೆ ತಿರುಗಿ "ಕರೆಂಟ್ ಇಲ್ಲ ಅಂದಿದ್ದೆ?" ಅನ್ನುವ ಹಾಗೆ ನೋಡಿದರು. ಕರೆಂಟ್ ಇಲ್ಲ. ಶೆಡ್ ಹಿಂದೆ ಡೀಸೆಲ್ ಎಂಜಿನ್ ಇದೆ, ಅದು ಕಂಪ್ರೆಸರ್ ಓಡಿಸುತ್ತದೆ, ಒತ್ತಿದ ಗಾಳಿ ದೊಡ್ಡ ಟ್ಯಾಂಕಲ್ಲಿ ತುಂಬಿ, ಅಲ್ಲಿಂದ ಪೈಪ್‌ಗಳಲ್ಲಿ ಗೋಡೆಗುಂಟ ಹರಿದು, ಒಂದೊಂದು ಮಷಿನ್ನಿನ ಬಾಯಿಗೆ ಬರುತ್ತದೆ. ಮೋಟರ್ ತೆಗೆದು ಆ ಜಾಗಕ್ಕೆ ಗಾಳಿಯಿಂದ ತಿರುಗುವುದನ್ನು ಕೂರಿಸಿರುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಚಕ್ರದ ನಟ್ಟು ಬಿಚ್ಚೋಕೆ 'ಟರ್ರ್' ಅಂತ ಸದ್ದು ಮಾಡುವ ಗನ್ ಇರುತ್ತದಲ್ಲ, ಅದೇ ಸದ್ದು, ಇಡೀ ಶೆಡ್ ತುಂಬ. ಇದಕ್ಕೆ 'ಆಮಿಶ್ ಕರೆಂಟ್' ಅಂತಲೇ ತಮಾಷೆಯ ಹೆಸರಿದೆ.

ಗಾಳಿಯ ಪೈಪ್ ಅಡುಗೆಮನೆಗೂ ಹೋಗಿತ್ತು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ನಿಂಬೆ ಪಾನಕ ಕೊಟ್ಟರು. ಕಟ್ಟೆಯ ಮೇಲೆ ಮಿಕ್ಸಿ! ಹಿಂದಿನಿಂದ ವೈರ್ ಬದಲು ರಬ್ಬರ್ ಪೈಪ್. ಒಂದು ಗುಬಟು ತಿರುಗಿಸಿದರೆ ಗಾಳಿ ನುಗ್ಗಿ ಬ್ಲೇಡ್ ಸುಯ್ಯೆಂದು ತಿರುಗುತ್ತದೆ. ಇದರಲ್ಲಿ ತೆಂಗಿನಕಾಯಿ ಚಟ್ನಿ ಆದೀತಾ ಅಂತ ನನಗೆ ಮೊದಲು ಬಂದ ಯೋಚನೆ. ಕೇಳಿದೆ ಕೂಡ. ಅವರು ತೆಂಗಿನಕಾಯಿಯನ್ನು ಕಂಡದ್ದು ಒಣಗಿಸಿದ ತುರಿಯಾಗಿ ಮಾತ್ರ, ಕೇಕಿಗೆ ಹಾಕೋದು. ಫ್ರಿಜ್ ಗ್ಯಾಸಿನದ್ದು. ದೀಪ ಬ್ಯಾಟರಿಯದ್ದು, ಒಂದು ಗಾಲಿ ಇರುವ ಮರದ ಪೆಟ್ಟಿಗೆಯ ಮೇಲೆ, ಸಂಜೆ ಯಾವ ಕೋಣೆಯಲ್ಲಿ ಜನ ಇರುತ್ತಾರೋ ಅಲ್ಲಿಗೆ ತಳ್ಳಿಕೊಂಡು ಹೋಗೋದು. ಒಂದೇ ದೀಪ ಆದ್ದರಿಂದ ಎಲ್ಲರೂ ಅಲ್ಲೇ ಕೂರುತ್ತಾರೆ. ನಮ್ಮ ಮನೆಯಲ್ಲಿ ಮೂರು ಜನ, ಮೂರು ಕೋಣೆ, ಮೂರೂ ಕಡೆ ದೀಪ. ಹೇಳಲಿಲ್ಲ.

ಹಾಗಾದರೆ ಕಂಬದ ಕರೆಂಟ್ ಒಂದೇ ಯಾಕೆ ಬೇಡ? ಇದು ನನಗೆ ಮೊದಲು ಬರೀ ಹಟ ಅನಿಸಿತು. ಎಂಜಿನ್ ಬೇಕು, ಬ್ಯಾಟರಿ ಬೇಕು, ಮಿಕ್ಸಿ ಬೇಕು, ವೈರ್ ಮಾತ್ರ ಬೇಡ ಅಂದರೆ ಏನರ್ಥ. ಈ ಗೆರೆ ಎಳೆದದ್ದು 1919ರ ಸುಮಾರಿಗೆ, ಹಳ್ಳಿ ಕಡೆಗೆ ಕರೆಂಟ್ ಲೈನ್ ಬರುತ್ತಿದ್ದ ಕಾಲದಲ್ಲಿ. ಬ್ಯಾಟರಿ ಅದಕ್ಕೂ ಮುಂಚೆ ಅವರಲ್ಲಿ ಇತ್ತು, ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಬ್ಯಾಟರಿ ಮುಗಿದರೆ ಮುಗಿಯಿತು. ತಂತಿ ಹಾಗಲ್ಲ. ಒಂದು ಸಲ ಮನೆಗೆ ತಂತಿ ಬಂದರೆ ಗೋಡೆಯಲ್ಲಿ ಸಾಕೆಟ್ ಇರುತ್ತದೆ, ಸಾಕೆಟ್ ಇದ್ದರೆ ಇವತ್ತು ದೀಪ, ನಾಳೆ ರೇಡಿಯೋ. ಒಂದೊಂದಕ್ಕೂ ಸಭೆ ಸೇರಿಸಿ ಬೇಕೋ ಬೇಡವೋ ಅಂತ ಕೇಳೋ ಪ್ರಶ್ನೆಯೇ ಉಳಿಯೋದಿಲ್ಲ. ಗಾಳಿಗೆ ಹಾಗಿಲ್ಲ. ಪ್ರತಿ ಮಷಿನ್ನನ್ನೂ ಬಿಚ್ಚಿ, ಬದಲಾಯಿಸಿ, ದುಡ್ಡು ಖರ್ಚು ಮಾಡಿ ಗಾಳಿಗೆ ಒಗ್ಗಿಸಬೇಕು. ಗಾಳಿಯಿಂದ ಟಿವಿ ಓಡಿಸೋಕೆ ಆಗುವುದಿಲ್ಲ. ಇದೆಲ್ಲ ಮೊದಲೇ ಲೆಕ್ಕ ಹಾಕಿ ಮಾಡಿದ್ದಾ ಅಂದರೆ ನನಗೆ ಅನುಮಾನ. ಮೊದಲು ಗೆರೆ ಎಳೆದರು, ಅದು ಎಷ್ಟು ಕೆಲಸ ಮಾಡಿತು ಅಂತ ಆಮೇಲೆ ಗೊತ್ತಾಗಿರಬೇಕು. ಈಗ ಎಷ್ಟೋ ಮನೆಗಳ ಸೂರಿನ ಮೇಲೆ ಸೋಲಾರ್ ಪ್ಯಾನೆಲ್ ಇದೆ.

ಟ್ರ್ಯಾಕ್ಟರ್ ಕತೆಯೂ ಹೀಗೇ. 1920ರ ದಶಕದ ಮೊದಲಲ್ಲಿ ಲ್ಯಾಂಕಸ್ಟರ್‌ನ ಕೆಲವು ರೈತರು ಕೊಂಡಿದ್ದರು, ಸಭೆ ಬೇಡ ಅಂದಾಗ ಬಿಟ್ಟರು. ಕೊಟ್ಟಿಗೆ ಹತ್ತಿರ ನಿಲ್ಲಿಸಿ ಬೆಲ್ಟ್ ಕಟ್ಟಿ ಮಷಿನ್ ಓಡಿಸೋಕೆ ಅಡ್ಡಿಯಿಲ್ಲ, ಹೊಲಕ್ಕೆ ಇಳಿಸುವಂತಿಲ್ಲ. ಹೊಲಕ್ಕೆ ಕುದುರೆ, ಹೇಸರಗತ್ತೆಗಳೇ. ನಾವು ವಾಪಸ್ ಬರುವಾಗ ಒಂದು ಹೊಲದಲ್ಲಿ ಹೇಸರಗತ್ತೆಗಳು ಹುಲ್ಲು ಕಟ್ಟುವ ಮಷಿನ್ ಎಳೆಯುತ್ತಿದ್ದವು, ಆ ಮಷಿನ್ ಮೇಲೊಂದು ಪೆಟ್ರೋಲ್ ಎಂಜಿನ್ ಕೂತು ಗುರುಗುಟ್ಟುತ್ತಿತ್ತು. ಎಂಜಿನ್ ಕೆಲಸ ಮಾಡಬಹುದು, ಎಳೆದುಕೊಂಡು ಹೋಗಬಾರದು. ನೋಡಿದ ತಕ್ಷಣ ನಗು ಬಂತು. ಆದರೆ ಟ್ರ್ಯಾಕ್ಟರಿದ್ದರೆ ಒಬ್ಬನೇ ನೂರಾರು ಎಕರೆ ಉಳಬಹುದು, ಪಕ್ಕದವನ ಹೊಲವನ್ನೂ ಕೊಂಡುಕೊಳ್ಳಬಹುದು, ಆಮೇಲೆ ಪಕ್ಕದವನೇ ಇರೋದಿಲ್ಲ. ರಬ್ಬರ್ ಚಕ್ರ ಹಾಕಿದರೆ ಅದೇ ಟ್ರ್ಯಾಕ್ಟರಲ್ಲಿ ಪೇಟೆಗೂ ಹೋಗಬಹುದು, ಅಲ್ಲಿಗೆ ಕಾರು ಬಂದ ಹಾಗೇ. ಕಾರಿನ ವಿಷಯದಲ್ಲಿ ಅವರು ಹತ್ತಿ ಕೂರೋದಕ್ಕೂ ಇಟ್ಟುಕೊಳ್ಳೋದಕ್ಕೂ ವ್ಯತ್ಯಾಸ ಮಾಡುತ್ತಾರೆ. ಬಾಡಿಗೆಗೆ ಇಂಗ್ಲಿಷ್ ಡ್ರೈವರ್ ಕರೆಸಿಕೊಂಡು ಹೋಗಬಹುದು, ಸ್ವಂತ ಕಾರು ಮಾತ್ರ ಇಲ್ಲ. ಹಾಗೆ ಕರೆಸಬೇಕಾದರೆ ಫೋನ್ ಗೂಡಿಗೆ ನಡೆಯಬೇಕು, ದುಡ್ಡು ಕೊಡಬೇಕು, ನಾಲ್ಕು ಜನ ಸೇರಿ ಹೋದರೆ ಅಗ್ಗ ಅಂತ ಪಕ್ಕದ ಮನೆಯವರನ್ನೂ ಕೇಳಬೇಕು. ಮನಸ್ಸು ಬಂದಾಗ ಕೀಲಿ ತಿರುಗಿಸಿ ಹೊರಡೋ ಸುಖ ಇಲ್ಲ.

ಇದನ್ನೆಲ್ಲ ತೀರ್ಮಾನ ಮಾಡೋರು ಯಾರು? ದೊಡ್ಡ ಗುರುಪೀಠ ಏನಾದರೂ ಇದೆಯಾ ಅಂತ ನೋಡಿದರೆ ಇಲ್ಲವೇ ಇಲ್ಲ. ಅಮೆರಿಕಾದಲ್ಲಿ ಆಮಿಶರು ಈಗ ಸುಮಾರು 4 ಲಕ್ಷ ಜನ, ಹೆಚ್ಚು ಕಡಿಮೆ 20 ವರ್ಷಕ್ಕೊಮ್ಮೆ ಎರಡರಷ್ಟಾಗುತ್ತಿದ್ದಾರೆ. 1693ರಲ್ಲಿ ಯಾಕೊಬ್ ಅಮ್ಮನ್ ಅನ್ನುವವನ ಹಿಂದೆ ಯೂರೋಪಿನಲ್ಲಿ ಬೇರೆಯಾದ ಗುಂಪು ಇದು. ಇವತ್ತು ಯೂರೋಪಿನಲ್ಲಿ ಆ ಹೆಸರಿನ ಗುಂಪು ಉಳಿದಿಲ್ಲ. ಇಲ್ಲಿ 25ರಿಂದ 40 ಮನೆಗಳಿಗೆ ಒಂದು ಸಭೆ. ಚರ್ಚ್ ಕಟ್ಟಡ ಇಲ್ಲ, ಎರಡು ವಾರಕ್ಕೊಮ್ಮೆ ಸರದಿಯ ಮೇಲೆ ಯಾರದಾದರೂ ಮನೆಯಲ್ಲೋ ಶೆಡ್‌ನಲ್ಲೋ ಪ್ರಾರ್ಥನೆ. ಒಂದು ಮನೆಯಲ್ಲಿ ಕೂರೋಕೆ ಆಗದಷ್ಟು ಜನ ಆದರೆ ಸಭೆಯನ್ನೇ ಎರಡು ಮಾಡುತ್ತಾರೆ. ಬಿಷಪ್ ಇರುತ್ತಾನೆ, ಆದರೆ ಪಾಠಶಾಲೆಯಲ್ಲಿ ಓದಿ ಬಂದ ಪಾದ್ರಿ ಅಲ್ಲ. ಚೀಟಿ ಎತ್ತಿ ಆರಿಸೋದು. ಹೆಸರು ಬಂದವರ ಮುಂದೆ ಹಾಡಿನ ಪುಸ್ತಕಗಳನ್ನು ಜೋಡಿಸಿಡುತ್ತಾರೆ, ಒಂದರೊಳಗೆ ಚೀಟಿ. ಯಾರ ಕೈಗೆ ಆ ಪುಸ್ತಕ ಬಂತೋ ಅವನು ಸಾಯೋತನಕ ಆ ಹೊಣೆ ಹೊರಬೇಕು. ಸಂಬಳ ಇಲ್ಲ. ಬೆಳಿಗ್ಗೆ ಎದ್ದು ಹಸು ಕರೆಯೋದು ಅವನಿಗೂ ತಪ್ಪಿದ್ದಲ್ಲ.

ನಿಯಮಗಳಿಗೆ 'ಓರ್ಡ್ನುಂಗ್' ಅಂತ ಹೆಸರು. ಬಹುಪಾಲು ಬರೆದಿಟ್ಟದ್ದಲ್ಲ, ಬಾಯಲ್ಲಿರುವಂಥದ್ದು. ವರ್ಷಕ್ಕೆ ಎರಡು ಸಲ, ವಸಂತದಲ್ಲೊಮ್ಮೆ, ಚಳಿಗಾಲದ ಮುಂಚೆ ಒಮ್ಮೆ, ದೀಕ್ಷೆ (ಬ್ಯಾಪ್ಟಿಸಂ) ಆದವರೆಲ್ಲ ಸೇರಿ ಈ ನಿಯಮಗಳನ್ನು ಒಪ್ಪಿಕೊಳ್ಳಬೇಕು, ಆಮೇಲೆ ಪವಿತ್ರ ಭೋಜನ. ಹೆಂಗಸರಿಗೂ ಅಲ್ಲಿ ಒಪ್ಪಿಗೆ ಹೇಳುವ ಹಕ್ಕಿದೆ, ಬಿಷಪ್ ಆಗುವ ಹಕ್ಕು ಮಾತ್ರ ಇಲ್ಲ. ಮನಸ್ತಾಪ ಬಗೆಹರಿಯದಿದ್ದರೆ ಪವಿತ್ರ ಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ. ಊರ ಹಬ್ಬದ ಮುಂಚೆ ಎಲ್ಲರ ಜಗಳ ತೀರಿಸಿಯೇ ತೇರು ಎಳೆಯಬೇಕು ಅಂತ ಇದ್ದ ಹಾಗೆ.

ಹೊಸದೊಂದು ವಸ್ತು ಬಂದಾಗ ನೇರವಾಗಿ ಬೇಡ ಅನ್ನೋದಿಲ್ಲ. ಯಾರೋ ಒಬ್ಬ ತಂದು ಬಳಸೋಕೆ ಶುರು ಮಾಡುತ್ತಾನೆ. ಬಿಷಪ್ ನೋಡಿಯೂ ನೋಡದ ಹಾಗೆ ಇರುತ್ತಾನೆ. ಅಕ್ಕಪಕ್ಕದವರೂ ನೋಡುತ್ತಾರೆ. ಅವನು ಊಟದ ಹೊತ್ತಿಗೆ ಮನೆಯಲ್ಲಿರುತ್ತಾನಾ? ಮಕ್ಕಳು ಕೆಲಸಕ್ಕೆ ಬರುತ್ತಾರಾ? ಪಕ್ಕದ ಮನೆಯ ಸಹಾಯ ಅವನಿಗೆ ಇನ್ನೂ ಬೇಕಾ? ಕೆಲವು ವರ್ಷ ಹೀಗೇ ಹೋಗುತ್ತದೆ. ತೊಂದರೆ ಕಾಣದಿದ್ದರೆ ನಾಲ್ಕು ಜನ ತರುತ್ತಾರೆ, ಸುದ್ದಿಯೇ ಆಗದೆ ಒಪ್ಪಿಗೆ ಆಗಿರುತ್ತದೆ. ತೊಂದರೆ ಕಂಡರೆ, ತಗೊಂಡು ಹೋಗಿ ಮಾರಿಬಿಡಪ್ಪ ಅನ್ನುತ್ತಾರೆ.

1960ರ ದಶಕದ ಕೊನೆಯಲ್ಲಿ ನಡೆದ ಹಾಲಿನ ಪ್ರಸಂಗ ಒಂದಿದೆ, ನನಗೆ ಅದು ಎಲ್ಲಕ್ಕಿಂತ ಇಷ್ಟ. ಅಲ್ಲಿಯತನಕ ಕ್ಯಾನಲ್ಲಿ ಹಾಲು ಹಾಕುತ್ತಿದ್ದರು. ಹಾಲು ಕೊಳ್ಳುವ ಕಂಪನಿಗಳು, ಇನ್ನು ದೊಡ್ಡ ತಣ್ಣನೆ ಟ್ಯಾಂಕ್ ಬೇಕು, ಇಲ್ಲದಿದ್ದರೆ ಹಾಲು ತಗೊಳ್ಳಲ್ಲ ಅಂದವು. ಟ್ಯಾಂಕ್ ಅಂದರೆ ಕರೆಂಟ್. ಜೊತೆಗೆ ಭಾನುವಾರವೂ ಲಾರಿ ಬರುತ್ತದೆ. ಒಪ್ಪದಿದ್ದರೆ ಹೈನುಗಾರಿಕೆ ಹೋಯಿತು, ಲ್ಯಾಂಕಸ್ಟರ್‌ನ ಸಣ್ಣ ಹಿಡುವಳಿಯಲ್ಲಿ ಹಸುವಿಲ್ಲದೆ ಬದುಕೋದು ಕಷ್ಟ. ಹಿರಿಯ ಬಿಷಪ್‌ಗಳು ಕಂಪನಿಯವರ ಜೊತೆ ಕೂತು ಮಾತಾಡಿದರು. ಟ್ಯಾಂಕ್ ಇರಲಿ, ತಣ್ಣಗೆ ಮಾಡೋದಕ್ಕೆ ಡೀಸೆಲ್ ಎಂಜಿನ್ ಇರಲಿ. ಟ್ಯಾಂಕ್ ಒಳಗೆ ಹಾಲನ್ನು ಆಗಾಗ ಕದಡುತ್ತಿರಬೇಕಲ್ಲ, ಆ ಕಡ್ಡಿ ತಿರುಗಿಸೋಕೆ 12 ವೋಲ್ಟ್ ಬ್ಯಾಟರಿ. ಭಾನುವಾರ ಮಾತ್ರ ಲಾರಿ ಬರಕೂಡದು. ಕಂಪನಿಗಳು ಒಪ್ಪಿದವು. ಅಧಿಕಾರಿಗಳ ಮುಂದೆ ಕೂತು, ಹಾಲು ಕದಡುವ ಕಡ್ಡಿಗೆ ಎಷ್ಟು ವೋಲ್ಟ್ ಅಂತ ಚೌಕಾಸಿ ಮಾಡುತ್ತಿರುವ ಉದ್ದ ಗಡ್ಡದ ಮುದುಕರನ್ನು ನೆನೆಸಿಕೊಂಡರೆ ಖುಷಿಯಾಗುತ್ತದೆ. ಆ ಕಡೆ ನಾನು, ಫೋನಿನಲ್ಲಿ ಹೊಸ ಆ್ಯಪ್ ಬಂದಾಗ 'ಒಪ್ಪಿಗೆ' ಅಂತ ಎಷ್ಟು ಸಲ ಒತ್ತಿದ್ದೇನೋ, ಒಂದರಲ್ಲೂ ಎರಡನೇ ಸಾಲು ಓದಿಲ್ಲ.

ಹಾಗಂತ ನಾನು ಆಮಿಶರ ಭಕ್ತೆ ಆಗಿಲ್ಲ. ಇಂಥ ತೀರ್ಮಾನಕ್ಕೆ ಬಲ ಬರೋದು ಬಹಿಷ್ಕಾರದಿಂದ. ದೀಕ್ಷೆ ತಗೊಂಡ ಮೇಲೆ ನಿಯಮ ಮುರಿದು, ಹೇಳಿದರೂ ಕೇಳದೆ ಹೋದರೆ, ಸಭೆಯಿಂದ ಹೊರಗೆ. ದೀಕ್ಷೆ ಸಾಮಾನ್ಯವಾಗಿ 18 ದಾಟಿದ ಮೇಲೆ, ಅದಕ್ಕೂ ಮುಂಚೆ ಹುಡುಗರಿಗೆ ಸ್ವಲ್ಪ ಸಡಿಲ, ಎಷ್ಟೋ ಜನರ ಜೇಬಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ. ಶಾಲೆ 8ನೇ ಕ್ಲಾಸಿಗೆ ಮುಗಿಯುತ್ತದೆ, ಅದಕ್ಕೆ 1972ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟೇ ಒಪ್ಪಿಗೆ ಕೊಟ್ಟಿದೆ. 8ನೇ ಕ್ಲಾಸು ಓದಿದ, ಅಪ್ಪ ಅಮ್ಮ ಅಣ್ಣ ತಮ್ಮ ಎಲ್ಲ ಒಳಗೇ ಇರುವ 20 ವರ್ಷದ ಹುಡುಗಿ ತನ್ನ ಇಷ್ಟದಿಂದ ಒಪ್ಪಿದಳು ಅಂದರೆ ಎಷ್ಟು ಇಷ್ಟ, ಎಷ್ಟು ಬೇರೆ ದಾರಿ ಇಲ್ಲದ್ದು, ನನಗೆ ಗೊತ್ತಾಗೋದಿಲ್ಲ. ಹೊರಗೆ ಹಾಕಿದವರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂತು ಉಣ್ಣಬಾರದು ಅಂತ ನಿಯಮ. ಮಗ ಮನೆಗೆ ಬಂದರೆ ಏನು ಮಾಡೋದು? ಕೆಲವು ಮನೆಗಳಲ್ಲಿ ಎರಡು ಟೇಬಲ್ಲುಗಳನ್ನು ನಾಲ್ಕು ಬೆರಳು ಅಂತರ ಬಿಟ್ಟು ಜೋಡಿಸಿ, ಮೇಲೆ ಒಂದೇ ಬಟ್ಟೆ ಹಾಸುತ್ತಾರಂತೆ. ನಿಯಮಕ್ಕೆ ಎರಡು ಟೇಬಲ್, ತಾಯಿಯ ಕಣ್ಣಿಗೆ ಒಂದು. ಇದನ್ನು ಓದಿದ ಮೇಲೆ ಎರಡು ದಿನ ಆ ನಾಲ್ಕು ಬೆರಳಿನ ಸಂದೇ ತಲೆಯಲ್ಲಿತ್ತು. ಮಡಿ, ಮೈಲಿಗೆ, ಪಂಕ್ತಿ ಅಂತ ಉಣ್ಣೋದಕ್ಕೆ ಬೇರೆ ಬೇರೆ ಸಾಲು ಹಾಕಿದ ಊರಿನಿಂದ ಬಂದವಳು ನಾನು, ಅವರಿಗೆ ಬುದ್ಧಿ ಹೇಳೋಕೆ ಹೋಗಲಾರೆ. ಆದರೆ ಆ ಸಂದನ್ನು ಮರೆತು, ಆಹಾ ಎಂಥ ಸರಳ ಬದುಕು ಅಂತ ಬರೆಯೋಕೂ ಆಗೋದಿಲ್ಲ.

ಇನ್ನೊಂದು ಕಡೆ, ಹಳೇ ಕಾಲದ ಜನ ಅನ್ನೋದು ಎಷ್ಟು ಸುಳ್ಳು ಅಂದರೆ, ಅಲ್ಲೇ ಸ್ಟ್ರಾಸ್‌ಬರ್ಗ್ ಅನ್ನೋ ಊರಲ್ಲಿ 1989ರಲ್ಲಿ 'ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್' ಶುರುವಾಯಿತು. ಕೆಲವೇ ಮನೆತನಗಳಿಂದ ಬೆಳೆದ, ತಮ್ಮೊಳಗೇ ಮದುವೆಯಾಗುವ ಸಮುದಾಯ ಆದ್ದರಿಂದ ಅಪರೂಪದ ವಂಶವಾಹಿ ಕಾಯಿಲೆಗಳು ಅವರಲ್ಲಿ ಜಾಸ್ತಿ. ಹೋಮ್ಸ್ ಮಾರ್ಟನ್ ಅನ್ನುವ ಡಾಕ್ಟರು ಮತ್ತು ಅವರ ಹೆಂಡತಿ ಕೆರೊಲಿನ್ ಕಟ್ಟಿದ್ದು ಅದು. ಮರದ ತೊಲೆ ಕಂಬಗಳ ಆ ಕಟ್ಟಡವನ್ನು ಆಮಿಶರು ಮತ್ತು ಅವರಿಗೆ ಹತ್ತಿರದ ಇನ್ನೊಂದು ಪಂಗಡದ ಮೆನೊನೈಟರು ಬಂದು, ಊರವರೆಲ್ಲ ಸೇರಿ ಕೊಟ್ಟಿಗೆ ಎಬ್ಬಿಸುವ ಹಾಗೆ, ಕೈಯಾರೆ ನಿಲ್ಲಿಸಿದರು. ಒಳಗೆ ಜೀನ್ ಪರೀಕ್ಷೆಯ ಲ್ಯಾಬ್ ಇತ್ತು, ಹೊರಗೆ ಕುದುರೆ ಕಟ್ಟೋ ಜಾಗ. ಖರ್ಚಿಗೆ ವರ್ಷ ವರ್ಷ ಹರಾಜು ಮಾಡಿ, ಕೌದಿ, ಪೀಠೋಪಕರಣ ಮಾರಿ ದುಡ್ಡು ಕೂಡಿಸುತ್ತಾರೆ. ಮನೆಗೆ ಕರೆಂಟ್ ಬೇಡ, ಮಗುವಿನ ರಕ್ತದ ಜೀನ್ ಓದಿಸೋಕೆ ಅಡ್ಡಿಯಿಲ್ಲ. ಇದರಲ್ಲಿ ಅವರಿಗೆ ವಿರೋಧ ಏನೂ ಕಾಣೋದಿಲ್ಲ.

ಅಲ್ಲಿಂದ ಬಂದ ಮೇಲೆ ನನಗೂ ಒಂದು ಹುಮ್ಮಸ್ಸು. ಮನೆಯೊಳಗೆ ಬರುವ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡ್ ಇದೆ. ಅದರ ಮೇಲೊಂದು ಡಬ್ಬಿ ಇಟ್ಟು, ರಾತ್ರಿ 8ರ ಮೇಲೆ ನನ್ನ ಫೋನ್ ಅಲ್ಲಿ ಅಂತ ಘೋಷಿಸಿದೆ. 9 ದಿನ ನಡೆಯಿತು. ಎಂಟೂವರೆಗೆ ಊರಲ್ಲಿ ಬೆಳಿಗ್ಗೆ ಆರು, ಅಮ್ಮ ಎದ್ದು ಕಾಫಿ ಕುಡಿದು ವಾಟ್ಸಾಪ್ ಮಾಡೋ ಹೊತ್ತು. "ಎಂತ ಮಾರಾಯ್ತಿ, ಫೋನೇ ಎತ್ತಲ್ಲ, ಹುಷಾರಿದ್ದೀಯೇನೇ?" ಅಂತ ಗಾಬರಿ. ಮಗಳ ಶಾಲೆಯ ಸೂಚನೆಗಳು ಆ್ಯಪಲ್ಲೇ ಬರೋದು. ತಿಂಗಳಿಗೊಂದು ವಾರ ಆಫೀಸಿನಿಂದ ಯಾವ ಹೊತ್ತಲ್ಲಿ ಕರೆದರೂ ಎತ್ತಬೇಕು. 10ನೇ ದಿನ ಡಬ್ಬಿಗೆ ನಾಣ್ಯ, ರಬ್ಬರ್ ಬ್ಯಾಂಡ್ ಸೇರಿಕೊಂಡವು. ಮನಸ್ಸು ಗಟ್ಟಿಯಿರಲಿಲ್ಲ ಅಂತ ಮೊದಲು ನನ್ನನ್ನೇ ಬೈದುಕೊಂಡೆ. ಆಮೇಲೆ ಅನಿಸಿತು, ಬಡಗಿಯ ಮನಸ್ಸೂ ಅಷ್ಟೇನು ಗಟ್ಟಿ ಇರಬೇಕಿಲ್ಲ. ಅವನ ಗಿರಾಕಿಗಳು ಎರಡು ದಿನ ಕಾಯುತ್ತಾರೆ, ಪಕ್ಕದ ಮನೆಯವನದ್ದೂ ಅದೇ ಗೂಡು, ಅವನ ಅಮ್ಮ ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದಾಳೆ. ನನ್ನ ಅಮ್ಮ 13,000 ಕಿಲೋಮೀಟರ್ ಆಚೆ. ಫೋನ್ ದೂರ ಇಡಬೇಕಾದರೆ ಮೊದಲು ಜನ ಹತ್ತಿರ ಇರಬೇಕಲ್ವಾ.

ಟೇಬಲ್ ವಿಷಯ ಹೇಳೋದು ಬಿಟ್ಟೇ ಹೋಯಿತು. ಚೆರ್ರಿ ಮರ, ಆರು ಜನಕ್ಕೆ ಆಗುವಷ್ಟು, ಅಂತ ಬಡಗಿ ಪೆನ್ಸಿಲಲ್ಲಿ ಬರೆದುಕೊಂಡರು. ಆಮೇಲೆ ತಲೆ ಎತ್ತಿ, "ಚಾರ್ಜಿಂಗ್ ಪಾಯಿಂಟ್ ಬೇಕಾ? ಮಧ್ಯದಲ್ಲಿ ತೂತು ಕೊರೆದು ಕೂರಿಸಿಕೊಡುತ್ತೇನೆ. ಇಂಗ್ಲಿಷರು ತುಂಬ ಜನ ಕೇಳುತ್ತಾರೆ" ಅಂದರು. ಮುಖದಲ್ಲಿ ಒಂದಿಷ್ಟೂ ವ್ಯಂಗ್ಯ ಇಲ್ಲ. ನಮ್ಮೆಜಮಾನರು ಬೇಕು ಅಂದರು. ನಾನು ಬೇಡ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಅವಸರ ಇಲ್ಲ, ಮನೆಯಲ್ಲಿ ಮಾತಾಡಿ, ಮೆಸೇಜ್ ಬಿಡಿ" ಅಂದರು ಬಡಗಿ.

ಮನೆಯಲ್ಲಿ ಮಾತಾಡಿದೆವು. ಅಲ್ಲಾಡುವ ಟೇಬಲ್ ಸುತ್ತ ಮೂರು ಜನ ಕೂತು, 12 ವರ್ಷದ ಮಗಳಿಗೂ ಒಂದು ವೋಟು ಅಂತ ಮಾಡಿ, ಅರ್ಧ ಗಂಟೆ. ಹೋಮ್‌ವರ್ಕಿಗೆ ಲ್ಯಾಪ್‌ಟಾಪ್ ಎಲ್ಲಿ ಇಡೋದು ಅಂತ ಅವಳು ಅಪ್ಪನ ಕಡೆ ಹೋಗುತ್ತಾಳೆ ಅಂತಲೇ ನಾನು ಅಂದುಕೊಂಡಿದ್ದೆ. ತೂತು ಇದ್ದರೆ ಅದರೊಳಗೆ ಅನ್ನದ ಅಗುಳು ಬೀಳುತ್ತದೆ, ತೆಗೆಯೋದು ನಾನೇ, ಅಂತ ಹೇಳಿ ನನ್ನ ಕಡೆ ಬಂದಳು. ಹೊಲದ ಬದಿಯ ಮಷಿನ್‌ಗೆ ಫೋನ್ ಮಾಡಿ ಹೇಳಿದೆ.

ಮೂರು ತಿಂಗಳಿಗೆ ಟೇಬಲ್ ಬಂತು, ಇಂಗ್ಲಿಷ್ ಡ್ರೈವರ್‌ನ ವ್ಯಾನಿನಲ್ಲಿ. ಬಡಗಿ ಪಕ್ಕದ ಸೀಟಲ್ಲಿ ಕೂತು ಬಂದಿದ್ದರು. ನಾಲ್ಕೂ ಕಾಲನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, ಟೋಪಿ ಸರಿಮಾಡಿಕೊಂಡು ಹೋದರು. ತೂತಿಲ್ಲ. ಅಗುಳಿನ ಕಾಟವೂ ಇಲ್ಲ. ಗೋಡೆಯ ಸಾಕೆಟ್ಟಿನಿಂದ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಹರಿದು ಬಂದು ಟೇಬಲ್ ಕೆಳಗೆ ಕೂತಿದೆ, ನಮ್ಮೆಜಮಾನರದ್ದು. ನಿನ್ನೆ ಸಾರಿನ ಪಾತ್ರೆ ಹಿಡಿದು ಬರುವಾಗ ಅದನ್ನೇ ಎಡವಿದೆ.